ಇಂಗ್ಲಿಷ್ ಕಲಿಸಲು ಯಾವ ದೇಶ?

ಬಾಣಸವಾಡಿಯ ನಮ್ಮ ಬೀದಿಯ ಯುವತಿಯೊಬ್ಬಳು ಮೊನ್ನೆ ಮನೆಗೆ ಬಂದು, ‘ಅಂಕಲ್, ಇಂಗ್ಲಿಷ್ ಕಲಿಸಲು ಯಾವ ದೇಶಕ್ಕೆ ಹೋಗಲಿ?’ ಎಂದು ಕೇಳಿದಳು. ಎಂ.ಎ., ಬಿ.ಇಡಿ. ಮುಗಿಸಿದವಳು. ಆಂಗ್ಲೋ ಇಂಡಿಯನ್ ಮನೆತನದ ಆಕೆಗೆ ಇಂಗ್ಲಿಷೇ ಮಾತೃಭಾಷೆ. ಮನಸ್ಸು ದಕ್ಷಿಣ ಕೊರಿಯಾದತ್ತ ವಾಲಿತ್ತು.

ಆದರೆ ಕೊರಿಯಾದ ವೀಸಾ ನಿಯಮ ಮಾತೃಭಾಷೆಯನ್ನು ಅಳೆಯುವುದು ಪಾಸ್‌ಪೋರ್ಟಿನಿಂದ. ಅಮೆರಿಕ, ಬ್ರಿಟನ್, ಕೆನಡಾ, ಐರ್ಲೆಂಡ್, ಆಸ್ಟ್ರೇಲಿಯಾ, ನ್ಯೂಜಿಲೆಂಡ್, ದಕ್ಷಿಣ ಆಫ್ರಿಕಾ ಈ 7 ದೇಶಗಳ ಪ್ರಜೆಗಳು ಯಾವುದೇ ವಿಷಯದ ಪದವೀಧರರಾಗಿದ್ದರೂ ಖಾಸಗಿ ಪಾಠಶಾಲೆಗಳಲ್ಲಿ ಇಂಗ್ಲಿಷ್ ಕಲಿಸಬಹುದು. 2010ರ ಜನವರಿಯಲ್ಲಿ ಜಾರಿಗೆ ಬಂದ ಭಾರತ–ಕೊರಿಯಾ ಆರ್ಥಿಕ ಒಪ್ಪಂದವು ನಮ್ಮವರಿಗೂ ಕಿರುಬಾಗಿಲೊಂದನ್ನು ತೆರೆಯಿತು. ಬೋಧನಾ ಅರ್ಹತೆ ಇದ್ದವರಿಗೆ, ಅದೂ ಸಹಾಯಕ ಶಿಕ್ಷಕರಾಗಿ. ಕಡತಗಳ ನಡುವೆ ಬಾಳು ಸವೆಸಿದ ನನಗೂ ಆ ‘ಸಹಾಯಕ’ ಪದ ಚುಚ್ಚಿತು.

ಭೂತಾನಿನಲ್ಲಿ ಶಾಲಾ ಶಿಕ್ಷಣದ ಮಾಧ್ಯಮವೇ ಇಂಗ್ಲಿಷ್. 1960ರ ದಶಕದಲ್ಲಿ ಅಲ್ಲಿನ ಹೊಸ ಶಾಲೆಗಳಿಗೆ ನೆಲೆ ಒದಗಿಸಿದವರಲ್ಲಿ ಭಾರತೀಯ ಶಿಕ್ಷಕರು ಮುಖ್ಯರು. ಇತ್ತೀಚಿನ ವರ್ಷಗಳಲ್ಲಿ ಅಲ್ಲಿನ ಶಿಕ್ಷಕರು ಆಸ್ಟ್ರೇಲಿಯಾಕ್ಕೆ ವಲಸೆ ಹೋಗುತ್ತಿರುವುದರಿಂದ ಕೊರತೆಯೂ ಇದೆ. ನಾಣ್ಯ ಮಾತ್ರ ರೂಪಾಯಿಗೆ ಸರಿಸಮ. ವಿನಿಮಯದ ಲಾಭ ಸೊನ್ನೆ.

ಭೂತಾನ್ ಎಂದೇ ನಾನು ಸಲಹೆಯಿತ್ತೆ. ಹುಡುಗಿ ಯೋಚಿಸುತ್ತಿದ್ದಾಳೆ. ಅವಳ ತಾಯಿ ಇನ್ನೂ ಕೊರಿಯಾದ ಸಂಬಳವನ್ನೇ ಲೆಕ್ಕ ಹಾಕುತ್ತಿದ್ದಾರೆ.