ಪಂಚಾಯಿತಿ ಬಾಗಿಲಲ್ಲಿ ನಿಂತ ಗಾಜಿನ ಎಳೆ

ಹಾಸನದ ಸಾಲಗಾಮೆ ರಸ್ತೆಯಲ್ಲಿ ಆಕಾಶಕ್ಕೆ ಮುಖ ಮಾಡಿ ನಿಂತ ದೊಡ್ಡ ದೊಡ್ಡ ಆಂಟೆನಾಗಳಿವೆ. ಅದು ಇಸ್ರೊದ ಪ್ರಧಾನ ನಿಯಂತ್ರಣ ಕೇಂದ್ರ. ಇನ್ಸಾಟ್ ಸರಣಿಯ ಮೊದಲ ಉಪಗ್ರಹ ಹಾರಿದ 1982ರಿಂದ ಅದು ಕೆಲಸ ಮಾಡುತ್ತಿದೆ. ಸುಮಾರು 36 ಸಾವಿರ ಕಿಲೋಮೀಟರ್ ಎತ್ತರದಲ್ಲಿರುವ ದೇಶದ ಸಂಪರ್ಕ ಉಪಗ್ರಹಗಳು ಇಲ್ಲಿಂದ ಹೋಗುವ ಆಜ್ಞೆಯಂತೆ ನಡೆಯುತ್ತವೆ. 2005ರಲ್ಲಿ ಇದೇ ಕೆಲಸಕ್ಕೆ ಭೋಪಾಲದಲ್ಲಿ ಇನ್ನೊಂದು ಕೇಂದ್ರವೂ ಜೊತೆಯಾಯಿತು.

ಆದರೆ ಇದೇ ಹಾಸನದ ಸುತ್ತಣ ಹಳ್ಳಿಗಳಲ್ಲಿ, ಹೊಳೆನರಸೀಪುರ, ಅರಕಲಗೂಡು, ಚನ್ನರಾಯಪಟ್ಟಣದ ಕಡೆ, ಕಾಲೇಜು ಓದುವ ಮಗಳು ಅರ್ಜಿ ತುಂಬಲು ಫೋನು ಹಿಡಿದು ತಾರಸಿ ಹತ್ತುವುದು ಅಪರೂಪದ ಸಂಗತಿಯಲ್ಲ. ಫೈಬರ್ ಯಾವಾಗ ಬರುತ್ತದೆ ಎಂದು ಕೇಳಿದರೆ, 'ಪಂಚಾಯಿತಿ ಆಫೀಸಿಗೆ ಬಂದಿದೆಯಂತೆ' ಎಂಬ ಉತ್ತರ ಸಿಗುತ್ತದೆ. ಆ 'ಅಂತೆ'ಯಲ್ಲಿ ಹಳ್ಳಿಯ ಕಾಯುವಿಕೆಯ ಕತೆಯೆಲ್ಲ ಅಡಗಿದೆ. 2011ರ ಜನಗಣತಿಯಂತೆ ಹಾಸನ ಜಿಲ್ಲೆಯ ಸುಮಾರು 17.76 ಲಕ್ಷ ಜನರಲ್ಲಿ ಐವರಿಗೆ ನಾಲ್ವರು ಹಳ್ಳಿಗಾಡಿನವರು. ಈ ಮಾತು ಹಾಗಾಗಿ ಒಂದೆರಡು ಮನೆಗಳದಲ್ಲ.

ಎಣಿಕೆಯ ಮಹಿಮೆ

ಹಳ್ಳಿಗೆ ಯಾವ ತಂತಿ ಬಂದಾಗಲೂ ಅದು ಮೊದಲು ಊರಿಗೆ ಬಂದಿದೆ, ಮನೆಗೆ ಬಂದದ್ದು ಎಷ್ಟೋ ಕಾಲದ ನಂತರ. ವಿದ್ಯುತ್ತಿನ ವಿಷಯವನ್ನೇ ನೋಡಬಹುದು. 1997ಕ್ಕೆ ಮುಂಚೆ ಗ್ರಾಮದ ಎಲ್ಲೆಯೊಳಗೆ ಯಾವುದಾದರೂ ಒಂದು ಕೆಲಸಕ್ಕೆ ವಿದ್ಯುತ್ ಬಳಕೆಯಾದರೆ ಸಾಕಿತ್ತು, ಆ ಗ್ರಾಮ 'ವಿದ್ಯುದೀಕರಣಗೊಂಡ ಗ್ರಾಮ' ಎನಿಸಿಕೊಳ್ಳುತ್ತಿತ್ತು. ಹೊಲದ ಒಂದು ಪಂಪ್‌ಸೆಟ್ಟು ಓಡಿದರೂ ಲೆಕ್ಕಕ್ಕೆ ಬಂತು. 2004ರಲ್ಲಿ ಈ ವ್ಯಾಖ್ಯೆಯನ್ನು ಬಿಗಿಗೊಳಿಸಿದಾಗಲೂ ನೂರಕ್ಕೆ 10 ಮನೆಗಳಲ್ಲಿ ದೀಪ ಉರಿದರೆ ಸಾಕೆಂದಾಯಿತು. ಉಳಿದ 90 ಮನೆಗಳು ಕತ್ತಲಲ್ಲಿದ್ದೂ ಬೆಳಕಿನ ಪಟ್ಟಿಯಲ್ಲಿ ಸೇರಿದವು.

ದೂರವಾಣಿಯ ಕತೆಯೂ ಹೀಗೆಯೇ. ಅಂಚೆ ಕಚೇರಿಯಲ್ಲಿ ಟ್ರಂಕ್ ಕಾಲ್ ಬುಕ್ ಮಾಡಿ ಗಂಟೆಗಟ್ಟಲೆ ಕೂತವರು, ಸಾವಿನ ಸುದ್ದಿ ಫೋನಿಗಿಂತ ಮೊದಲು ಬಸ್ಸಿನಲ್ಲಿ ಬಂದದ್ದನ್ನು ಕಂಡವರು ಇನ್ನೂ ಇದ್ದಾರೆ. ಈ ಸ್ಥಿತಿಯನ್ನು ಬದಲಿಸಲು 1984ರಲ್ಲಿ ಸಿ-ಡಾಟ್ ಸಂಸ್ಥೆ ಹುಟ್ಟಿತು. ಅದು ರೂಪಿಸಿದ 128 ಲೈನುಗಳ ಗ್ರಾಮೀಣ ಸ್ವಯಂಚಾಲಿತ ಎಕ್ಸ್‌ಚೇಂಜ್ 1986ರ ಜುಲೈಯಲ್ಲಿ ಮೊದಲು ಪರೀಕ್ಷೆಗೆ ನಿಂತದ್ದು ಕರ್ನಾಟಕದಲ್ಲೇ, ರಾಣಿ ಚೆನ್ನಮ್ಮನ ಕಿತ್ತೂರಿನಲ್ಲಿ. ಹವಾನಿಯಂತ್ರಣವಿಲ್ಲದೆ, ಧೂಳು ಮತ್ತು ಬಿಸಿಲನ್ನು ತಾಳಿಕೊಂಡು ಹಳ್ಳಿಯ ಸಣ್ಣ ಕೋಣೆಯಲ್ಲಿ ನಡೆಯುವಂತೆ ಅದನ್ನು ಮಾಡಲಾಗಿತ್ತು.

ಯಂತ್ರ ಸಿದ್ಧವಾದರೂ ಗಡುವುಗಳು ಜಾರುತ್ತಲೇ ಹೋದವು. 1994ರ ರಾಷ್ಟ್ರೀಯ ದೂರಸಂಪರ್ಕ ನೀತಿ 1997ರ ಹೊತ್ತಿಗೆ ಎಲ್ಲ ಹಳ್ಳಿಗಳಿಗೂ ದೂರವಾಣಿ ಎಂದಿತು. 1999ರ ಹೊಸ ನೀತಿ ಅದನ್ನೇ 2002ಕ್ಕೆ ಮುಂದೂಡಿತು. ಇಲ್ಲಿಯೂ ಊರಿಗೊಂದು ಸಾರ್ವಜನಿಕ ಫೋನು ಕೂತರೆ ಆ ಹಳ್ಳಿ ಲೆಕ್ಕಕ್ಕೆ ಸೇರುತ್ತಿತ್ತು. ಆ ಫೋನು ಇರುವ ಅಂಗಡಿಯ ಬಾಗಿಲು ಹಾಕಿದ ಮೇಲೆ ಊರು ಮತ್ತೆ ಮೂಕವಾಗುತ್ತಿತ್ತು.

ತಾಮ್ರ ಮತ್ತು ಗಾಜು

2004ರಲ್ಲಿ ಬ್ರಾಡ್‌ಬ್ಯಾಂಡ್ ನೀತಿ ಬಂದಾಗ ಸೆಕೆಂಡಿಗೆ 256 ಕಿಲೋಬಿಟ್ ವೇಗವನ್ನೇ ಬ್ರಾಡ್‌ಬ್ಯಾಂಡ್ ಎಂದು ಕರೆಯಲಾಯಿತು. ಆಗ ಅದು ಬರುತ್ತಿದ್ದದ್ದು ದೂರವಾಣಿಯ ಹಳೆಯ ತಾಮ್ರದ ತಂತಿಯಲ್ಲಿ. ತಾಮ್ರದ ಗುಣವೆಂದರೆ, ಎಕ್ಸ್‌ಚೇಂಜಿನಿಂದ ದೂರ ಹೋದಷ್ಟೂ ಸಂಕೇತ ಬಡವಾಗುತ್ತದೆ. ನಾಲ್ಕೈದು ಕಿಲೋಮೀಟರ್ ದಾಟಿದರೆ ಬಹುಮಟ್ಟಿಗೆ ಕೈಬಿಟ್ಟಂತೆಯೇ. ಹೋಬಳಿ ಕೇಂದ್ರದ ಪೇಟೆಬೀದಿಗೆ ಸಿಕ್ಕ ಸೌಲಭ್ಯ ಅದರಾಚೆಯ ಹಳ್ಳಿಗೆ ಸಿಗದೆ ಹೋದದ್ದಕ್ಕೆ ಇದು ಒಂದು ಕಾರಣ.

ಗಾಜಿನ ಎಳೆಗೆ ಈ ದೌರ್ಬಲ್ಯವಿಲ್ಲ. ಕೂದಲಿನಷ್ಟು ಸಣ್ಣ ಎಳೆಯೊಳಗೆ ಬೆಳಕು ಹೊರಗೆ ಸೋರದೆ, ಒಳಗೊಳಗೇ ಪ್ರತಿಫಲಿಸುತ್ತ ಓಡುತ್ತದೆ. ಗಾಜನ್ನು ಸಾಕಷ್ಟು ಶುದ್ಧಗೊಳಿಸಿದರೆ ಸಂದೇಶಗಳನ್ನು ಬಹುದೂರ ಕಳಿಸಬಹುದೆಂದು ಚಾರ್ಲ್ಸ್ ಕಾವೊ 1966ರಲ್ಲಿ ತೋರಿಸಿದರು. 1970ರಲ್ಲಿ ಅಮೆರಿಕದ ಕಾರ್ನಿಂಗ್ ಕಂಪೆನಿ ಅಂಥ ಗಾಜನ್ನು ಎಳೆದು ತೆಗೆಯಿತು. ಕಾವೊ ಅವರಿಗೆ 2009ರಲ್ಲಿ ನೊಬೆಲ್ ಸಂದಿತು. ಇಂದಿನ ವ್ಯವಸ್ಥೆಯಲ್ಲಿ ಎಕ್ಸ್‌ಚೇಂಜಿನಿಂದ ಹೊರಟ ಒಂದೇ ಎಳೆ ಸುಮಾರು 20 ಕಿಲೋಮೀಟರ್ ಹೋಗಿ, ದಾರಿಯಲ್ಲಿ ಕವಲೊಡೆದು 32 ಅಥವಾ 64 ಮನೆಗಳಿಗೆ ಬೆಳಕು ಹಂಚಬಲ್ಲದು. ಒಂದು ಸಣ್ಣ ಹಳ್ಳಿಗೆ ಅಷ್ಟು ಸಾಕು.

ಹಾಗಾದರೆ ಹಾಸನದಿಂದ ನಡೆಸುವ ಉಪಗ್ರಹಗಳೇ ಹಳ್ಳಿಗೆ ಇಂಟರ್‌ನೆಟ್ ಕೊಡಬಾರದೇಕೆ? ಕಾಡು, ದ್ವೀಪ, ಗುಡ್ಡಗಾಡಿನ ಪಂಚಾಯಿತಿಗಳಿಗೆ ಕೊಡುತ್ತಿರುವುದೂ ಉಂಟು. ಆದರೆ 36 ಸಾವಿರ ಕಿಲೋಮೀಟರ್ ಮೇಲೆ ಹೋಗಿ ಕೆಳಗಿಳಿದು, ಉತ್ತರ ಮತ್ತೆ ಅದೇ ದಾರಿಯಲ್ಲಿ ಬರುವಷ್ಟರಲ್ಲಿ ಸುಮಾರು ಅರ್ಧ ಸೆಕೆಂಡ್ ಕಳೆಯುತ್ತದೆ. ಜೊತೆಗೆ ಒಂದು ಉಪಗ್ರಹದ ಸಾಮರ್ಥ್ಯವನ್ನು ವಿಶಾಲ ಪ್ರದೇಶದ ಜನರೆಲ್ಲ ಹಂಚಿಕೊಳ್ಳಬೇಕು. ಮೊಬೈಲ್ ಗೋಪುರದ್ದೂ ಇದೇ ಹಂಚಿಕೆಯ ಕಷ್ಟ. 2016ರ ನಂತರ ಮೊಬೈಲ್ ಡೇಟಾ ಅಗ್ಗವಾಯಿತು, ನಿಜ. ಆದರೆ ಸಂಜೆ ಊರಿನವರೆಲ್ಲ ಒಟ್ಟಿಗೆ ಫೋನು ತೆರೆದರೆ ಒಂದು ಗೋಪುರ ಎಷ್ಟು ಮಂದಿಗೆ ಬಡಿಸೀತು? ಆ ಗೋಪುರಕ್ಕೂ ಚೆನ್ನಾಗಿ ಉಣಿಸಬೇಕಾದರೆ ಫೈಬರೇ ಬೇಕು.

ನಾಲೆಯ ತುದಿ

ದೇಶದ ಸುಮಾರು 2.5 ಲಕ್ಷ ಗ್ರಾಮ ಪಂಚಾಯಿತಿಗಳಿಗೆ ಫೈಬರ್ ಎಳೆಯುವ ಯೋಜನೆಗೆ ಕೇಂದ್ರ ಸಂಪುಟ 2011ರ ಅಕ್ಟೋಬರ್‌ನಲ್ಲಿ ಒಪ್ಪಿಗೆ ಕೊಟ್ಟಿತು. ಅಂದಾಜು ವೆಚ್ಚ 20 ಸಾವಿರ ಕೋಟಿ ರೂಪಾಯಿ, ಅವಧಿ ಎರಡು ವರ್ಷ. ದೂರವಾಣಿ ಕಂಪೆನಿಗಳ ಆದಾಯದ ಶೇ 5ರಷ್ಟು ಸೇರುವ ನಿಧಿಯಿಂದ ಇದರ ಹಣ ಬರಬೇಕಿತ್ತು. ಎಂದರೆ, ಫೋನು ಬಳಸುವ ಪ್ರತಿಯೊಬ್ಬರ ಪಾಲೂ ಇದರಲ್ಲಿದೆ. ಮುಂದೆ ಭಾರತ್‌ನೆಟ್ ಎಂದು ಹೆಸರಾದ ಈ ಯೋಜನೆಯ ಮೊದಲ ಹಂತದ ಒಂದು ಲಕ್ಷ ಪಂಚಾಯಿತಿ ಮುಗಿದದ್ದು 2017ರ ಡಿಸೆಂಬರ್‌ನಲ್ಲಿ. ಕರ್ನಾಟಕದ ಪಂಚಾಯಿತಿಗಳು ಈ ಹಂತದಲ್ಲೇ ಸೇರಿದ್ದವು.

ಆದರೆ ಗುರಿಯಲ್ಲಿ ಎಣಿಸಿದ್ದು ಪಂಚಾಯಿತಿಯನ್ನು, ಮನೆಯನ್ನಲ್ಲ. ಒಂದು ಪಂಚಾಯಿತಿಯ ವ್ಯಾಪ್ತಿಯಲ್ಲಿ ಹಲವು ಹಳ್ಳಿಗಳಿರುತ್ತವೆ. ಕಚೇರಿಯ ಗೋಡೆಯ ಮೇಲೆ ಪೆಟ್ಟಿಗೆ ಕೂತ ದಿನ ಕಾಗದದ ಮೇಲೆ ಕೆಲಸ ಮುಗಿಯಿತು. ಗೊರೂರಿನ ಹೇಮಾವತಿ ಜಲಾಶಯದ ನಾಲೆಗಳನ್ನು ಕಂಡ ಈ ಸೀಮೆಯ ರೈತರಿಗೆ ಇದನ್ನು ಬಿಡಿಸಿ ಹೇಳಬೇಕಾಗಿಲ್ಲ. ನಾಲೆ ತೋಡಿದ ಮಾತ್ರಕ್ಕೆ ತುದಿಯ ಗದ್ದೆಗೆ ನೀರು ಮುಟ್ಟುವುದಿಲ್ಲ. ತೂಬು ಬೇಕು, ಕಾಲುವೆ ಬೇಕು, ಹೂಳು ತೆಗೆಯುವವರು ಬೇಕು.

ಫೈಬರಿನ ತುದಿಯ ಕಷ್ಟಗಳೂ ಇಂಥವೇ. ಪಟ್ಟಣದ ಒಂದು ಬೀದಿಯಲ್ಲಿ ನೂರು ಮೀಟರ್ ಕೇಬಲ್ ಎಳೆದರೆ ಹತ್ತಾರು ಗಿರಾಕಿಗಳು. ಹಳ್ಳಿಯಲ್ಲಿ ಕಿಲೋಮೀಟರ್‌ಗಟ್ಟಲೆ ಎಳೆದರೂ ಬೆರಳೆಣಿಕೆಯ ಮನೆಗಳು, ತೋಟದ ಮನೆಯಾದರೆ ಒಂದೇ ಒಂದು. ನೆಲದೊಳಗೆ ಹೂಳಬೇಕಾದರೆ ರಸ್ತೆಯ ಒಡೆತನದ ಇಲಾಖೆಯ ಅನುಮತಿ, ಕಂಬದ ಮೇಲೆ ಎಳೆಯಬೇಕಾದರೆ ವಿದ್ಯುತ್ ಕಂಪೆನಿಯ ಅನುಮತಿ. ರಸ್ತೆ ಅಗಲಿಸುವ ಅಥವಾ ನೀರಿನ ಪೈಪು ಹೂಳುವ ಜೆಸಿಬಿ ಎಳೆಯನ್ನು ಕತ್ತರಿಸಿದರೆ ಗಂಟು ಹಾಕಿ ಸೇರಿಸುವ ಹಾಗಿಲ್ಲ. ಅದಕ್ಕೆ ಬೇರೆಯೇ ಯಂತ್ರ, ತರಬೇತಾದ ಕೈ ಬೇಕು. ಸಾಲಾಗಿ ಎಳೆದ ಜಾಲದಲ್ಲಿ ಒಂದು ಕಡೆ ತುಂಡಾದರೆ ಅದರಾಚೆಯ ಊರುಗಳೆಲ್ಲ ಕತ್ತಲು. ಕರೆಂಟು ಹೋಗಿ ಬ್ಯಾಟರಿ ಸತ್ತರೆ ಕೇಬಲ್ ಸರಿಯಿದ್ದರೂ ಪೆಟ್ಟಿಗೆ ಮಲಗುತ್ತದೆ.

ಈ ಅನುಭವದಿಂದಲೇ 2023ರ ಆಗಸ್ಟ್‌ನಲ್ಲಿ ಯೋಜನೆಯನ್ನು ತಿದ್ದಲಾಯಿತು. ವೆಚ್ಚ 1.39 ಲಕ್ಷ ಕೋಟಿ ರೂಪಾಯಿಗೆ ಏರಿತು. ಪಂಚಾಯಿತಿಗಳನ್ನು ಬಳೆಯಾಕಾರದಲ್ಲಿ ಸುತ್ತಿಸಿ, ಒಂದು ಕಡೆ ತುಂಡಾದರೆ ಇನ್ನೊಂದು ಕಡೆಯಿಂದ ಸಂಪರ್ಕ ಉಳಿಯುವಂತೆ ಮಾಡುವುದು, ಹತ್ತು ವರ್ಷದ ನಿರ್ವಹಣೆಯನ್ನು ಗುತ್ತಿಗೆಯಲ್ಲೇ ಸೇರಿಸುವುದು, ಕೇಳಿದ ಹಳ್ಳಿಗೆ ಎಳೆ ಮುಟ್ಟಿಸುವುದು ಅದರಲ್ಲಿವೆ. 1.5 ಕೋಟಿ ಗ್ರಾಮೀಣ ಮನೆಗಳಿಗೆ ಸಂಪರ್ಕ ಎಂಬ ಗುರಿಯೂ ಇದೆ. ಮನೆಯೂ ಲೆಕ್ಕದೊಳಗೆ ಬಂದದ್ದು ಇಲ್ಲಿ ಗಮನಿಸಬೇಕಾದ ಅಂಶ. ಊರಿನ ಕೇಬಲ್ ಟಿ.ವಿ.ಯವರಂಥ ಸ್ಥಳೀಯ ಉದ್ಯಮಿಗಳಿಗೆ ಆದಾಯದಲ್ಲಿ ಪಾಲು ಕೊಟ್ಟು ಕೊನೆಯ ತುಂಡು ಎಳೆಸುವ ಏರ್ಪಾಡೂ ಬಂದಿದೆ. ಕಂಬ ಹತ್ತುವವನು ಊರಿನವನಾದರೆ ರಿಪೇರಿಗೆ ಕರೆಯುವುದು ಸುಲಭ.

ಕಾಯುವುದರ ಬೆಲೆ

ಅವಸರವೇಕೆ ಎಂದು ಕೇಳುವವರು ಇರಬಹುದು. ಹಿಂದೆ ಫೋನಿಲ್ಲದಿದ್ದರೆ ಕಾಗದ ಬರೆಯಬಹುದಿತ್ತು, ಬಸ್ಸು ಹತ್ತಬಹುದಿತ್ತು. ಈಗ ಆ ಬದಲಿ ದಾರಿಗಳು ಒಂದೊಂದಾಗಿ ಮುಚ್ಚುತ್ತಿವೆ. 2001ರ ಹೊತ್ತಿಗೆ ಭೂಮಿ ಯೋಜನೆ ಬಂದು ಕೈಬರಹದ ಪಹಣಿ ನಿಂತಿತು. ಪಡಿತರಕ್ಕೆ ಬೆರಳಚ್ಚು ಬೇಕು. ವಿದ್ಯಾರ್ಥಿವೇತನ, ಬೆಳೆ ವಿಮೆ ಎಲ್ಲಕ್ಕೂ ಅರ್ಜಿ ಪರದೆಯ ಮೇಲೆ. 2023ರ ಜುಲೈಯಲ್ಲಿ ಗೃಹಲಕ್ಷ್ಮಿ ನೋಂದಣಿ ಆರಂಭವಾದಾಗ 'ಸರ್ವರ್' ಎಂಬ ಮಾತು ಅಕ್ಷರ ತಿಳಿಯದ ಅಜ್ಜಿಯರ ಬಾಯಲ್ಲೂ ಬಂತು. 2020ರಲ್ಲಿ ಶಾಲೆಗಳು ಮುಚ್ಚಿದಾಗ ಪಾಠ ಫೋನಿಗೆ ಬಂತು. ಸಿಗ್ನಲ್ ಇಲ್ಲದ ಮನೆಯ ಮಕ್ಕಳಿಗೆ ಬರಲಿಲ್ಲ. ಆ ವರ್ಷಗಳನ್ನು ಅವರಿಗೆ ಯಾರೂ ಮರಳಿ ಕೊಡುವಂತಿಲ್ಲ.

ಸೇವೆಯನ್ನು ತಂತಿಯ ಮೇಲೆ ಏರಿಸಿದ ಮೇಲೆ ತಂತಿಯನ್ನು ಮನೆಗೆ ಮುಟ್ಟಿಸದಿರುವುದು ನ್ಯಾಯವಲ್ಲ. ಆದ್ದರಿಂದ ಗ್ರಾಮಸಭೆಯಲ್ಲಿ ಕೇಳಬೇಕಾದದ್ದು 'ಪಂಚಾಯಿತಿಗೆ ಫೈಬರ್ ಬಂತೇ' ಎಂಬ ಪ್ರಶ್ನೆಯನ್ನಲ್ಲ. ಎಷ್ಟು ಮನೆಗೆ ಬಂತು, ಕೆಟ್ಟರೆ ಎಷ್ಟು ದಿನದಲ್ಲಿ ಸರಿಯಾಗುತ್ತದೆ ಎಂಬುದನ್ನು. ನೀರು ಎಲ್ಲಿಯವರೆಗೆ ಬಂತೆಂದು ತಿಳಿಯಲು ರೈತ ಅಣೆಕಟ್ಟೆಗೆ ಹೋಗುವುದಿಲ್ಲ. ತನ್ನ ಗದ್ದೆಯ ಬದುವಿನ ಮೇಲೆ ನಿಂತು ನೋಡುತ್ತಾನೆ.