ಎಂಜಿನ್ ಮೇಲಕ್ಕೋ, ಕಾರು ಮೇಲಕ್ಕೋ?

ಇಂಗ್ಲೆಂಡ್, ಜರ್ಮನಿ, ಅಮೆರಿಕ ಮೊದಲಾದ ದೇಶಗಳಲ್ಲಿ ಹಳೆಯ ಸ್ಪೋರ್ಟ್ಸ್ ಕಾರುಗಳನ್ನು ಅಕ್ಕರೆಯಿಂದ ಕಾಪಾಡಿಕೊಂಡು ಬಂದಿರುವವರು ಬಹುಮಂದಿ. ಅವರಲ್ಲಿ ಎಷ್ಟೋ ಜನರು ರಜಾದಿನಗಳಲ್ಲಿ ಮನೆಯ ಗ್ಯಾರೇಜಿನಲ್ಲಿಯೇ ಕಾರಿನ ಎಂಜಿನ್ನನ್ನು ಹೊರತೆಗೆದು, ದುರಸ್ತಿ ಮಾಡಿ, ಮತ್ತೆ ಕೂರಿಸುವುದುಂಟು. ಇಕ್ಕಟ್ಟಾದ ಗೂಡಿನಲ್ಲಿ ಅಡಗಿರುವ ಅಷ್ಟು ಭಾರದ ಲೋಹರಾಶಿಯನ್ನು ಇಬ್ಬರು ಸೇರಿ ಎತ್ತುವುದು ಹೇಗೆ? ಇದರಲ್ಲಿ ತೋಳ್ಬಲದ ಪಾಲು ಅತ್ಯಲ್ಪ. ಸನ್ನೆ, ದ್ರವದ ಒತ್ತಡ, ಗುರುತ್ವಕೇಂದ್ರ ಎಂಬ ಮೂರು ಪಾಠಗಳನ್ನು ನಾವೆಲ್ಲರೂ ಶಾಲೆಯಲ್ಲಿ ಓದಿದ್ದೇವೆ. ಇವನ್ನು ನೆನಪಿನಲ್ಲಿಟ್ಟವನಿಗೆ ಈ ಕೆಲಸ ಸಾಧ್ಯ, ಮರೆತವನಿಗೆ ಪ್ರಾಣಾಪಾಯ.

ತೆಗೆಯುವ ಅಗತ್ಯವೇನು?

ಇಂಗ್ಲೆಂಡಿನ ಅಬಿಂಗ್ಡನ್ ಪಟ್ಟಣದಲ್ಲಿ 1962ರಿಂದ 1980ರವರೆಗೆ ತಯಾರಾದ ಎಂ.ಜಿ.ಬಿ. ಎಂಬ ಕಾರನ್ನು ಉದಾಹರಣೆಯಾಗಿ ನೋಡೋಣ. ಇದರ ಎಂಜಿನ್ ಮುಂಭಾಗದಲ್ಲಿದೆ. ನಾಲ್ಕು ಸಿಲಿಂಡರುಗಳು, 1798 ಘನ ಸೆಂಟಿಮೀಟರ್ ಗಾತ್ರ, ಎರಕದ ಕಬ್ಬಿಣದ ಒಡಲು. ತೂಕ ಸುಮಾರು 150 ಕಿಲೋಗ್ರಾಂ. ಎಂಜಿನ್ನಿಗೂ ಗೇರ್‌ಬಾಕ್ಸಿಗೂ ನಡುವೆ ಕ್ಲಚ್ಚಿನ ಬಿಲ್ಲೆಯಿರುತ್ತದೆ. ಊಟದ ತಟ್ಟೆಗಿಂತ ಚಿಕ್ಕದಾದ ಈ ಬಿಲ್ಲೆ ಸವೆಯಿತೆಂದರೆ ಅದನ್ನು ಬದಲಿಸಲೇಬೇಕು. ಆದರೆ ಗೇರ್‌ಬಾಕ್ಸನ್ನು ಕೆಳಗಿನಿಂದ ಇಳಿಸಲು ಈ ಕಾರಿನಲ್ಲಿ ದಾರಿಯಿಲ್ಲ. ಅಡ್ಡಲಾಗಿ ಬೆಸೆದ ಉಕ್ಕಿನ ತೊಲೆ ತಡೆಯುತ್ತದೆ. ಆದ್ದರಿಂದ ಒಂದು ಬಿಲ್ಲೆಗಾಗಿ ಇಡೀ ಎಂಜಿನ್ನನ್ನೇ ಮೇಲಕ್ಕೆತ್ತಬೇಕಾಗುತ್ತದೆ.

ಬಿಡಿಸುವ ಕ್ರಮ

ಮೊದಲು ಕಳಚಬೇಕಾದುದು ಬ್ಯಾಟರಿಯ ತಂತಿ. ಅದರಲ್ಲಿಯೂ ಕಾರಿನ ಒಡಲಿಗೆ ಸೇರಿಸಿದ ತಂತಿ. ಇನ್ನೊಂದು ತಂತಿಯನ್ನು ಮೊದಲು ಬಿಚ್ಚಲು ಹೋದಾಗ ಸ್ಪ್ಯಾನರು ಒಡಲಿಗೆ ತಗುಲಿದರೆ ವಿದ್ಯುತ್ತು ಒಮ್ಮೆಲೇ ಹರಿದು ಕಿಡಿ ಹಾರುತ್ತದೆ. ಒಡಲಿಗೆ ಸೇರಿದ್ದು ಯಾವಾಗಲೂ ಋಣಧ್ರುವವೆಂದು ಭಾವಿಸಲಾಗದು: 1967ಕ್ಕೆ ಮುಂಚಿನ ಎಂ.ಜಿ.ಬಿ. ಕಾರುಗಳಲ್ಲಿ ಧನಧ್ರುವವನ್ನೇ ಒಡಲಿಗೆ ಸೇರಿಸುತ್ತಿದ್ದರು.

ಬಳಿಕ ರೇಡಿಯೇಟರಿನ ನೀರನ್ನೂ ಎಂಜಿನ್ನಿನ ಎಣ್ಣೆಯನ್ನೂ ಪಾತ್ರೆಗಳಿಗೆ ಇಳಿಸುತ್ತಾರೆ. ಚಳಿದೇಶಗಳಲ್ಲಿ ನೀರು ಹೆಪ್ಪುಗಟ್ಟದಂತೆ ಬೆರೆಸುವ ಎಥಿಲೀನ್ ಗ್ಲೈಕಾಲ್ ರುಚಿಯಲ್ಲಿ ಸಿಹಿ, ಗುಣದಲ್ಲಿ ವಿಷ. ತೆರೆದಿಟ್ಟ ಪಾತ್ರೆಯಿಂದ ಮಕ್ಕಳೂ ನಾಯಿಗಳೂ ಕುಡಿಯುವ ಭಯವಿರುವುದರಿಂದ ಅದನ್ನು ಕೂಡಲೇ ಮುಚ್ಚಿಡಬೇಕು. ಪೆಟ್ರೋಲಿನ ಆವಿಯಾದರೋ ಗಾಳಿಗಿಂತ ಭಾರ; ಅದು ನೆಲದ ಮಟ್ಟದಲ್ಲಿಯೇ ಹರಡುತ್ತ ದೂರದ ಜ್ವಾಲೆಯನ್ನೂ ಮುಟ್ಟಬಲ್ಲದು. ಬಾಗಿಲನ್ನು ತೆರೆದಿಟ್ಟು, ಬೆಂಕಿಯನ್ನು ದೂರವಿಟ್ಟು, ಇಂಧನದ ನಳಿಗೆಯನ್ನು ಬಿಚ್ಚಿ ಅದರ ಬಾಯಿಯನ್ನು ಬಿಗಿಯಬೇಕು.

ಅನಂತರ ಬಾನೆಟ್, ರೇಡಿಯೇಟರ್, ಕಾರ್ಬ್ಯುರೇಟರ್, ಹೊಗೆಕೊಳವೆ, ತಂತಿಗಳು ಒಂದೊಂದಾಗಿ ಬೇರ್ಪಡುತ್ತವೆ. ಪ್ರತಿಯೊಂದಕ್ಕೂ ಚೀಟಿ ಕಟ್ಟಿಡುವುದು ಜಾಣತನ.

ಕೈಯ ಬಲ ಹೆಚ್ಚುವ ಬಗೆ

ಎತ್ತಲು ಬಳಸುವುದು ಚಕ್ರಗಳುಳ್ಳ ಒಂದು ಸಣ್ಣ ಕ್ರೇನು. ಇದರ ಜೀವಾಳ ಎಣ್ಣೆ ತುಂಬಿದ ಜಾಕಿ. ಮುಚ್ಚಿದ ದ್ರವದ ಮೇಲೆ ಹಾಕಿದ ಒತ್ತಡ ಎಲ್ಲ ದಿಕ್ಕುಗಳಿಗೂ ಸಮನಾಗಿ ಹರಡುತ್ತದೆಂಬುದು ಫ್ರಾನ್ಸಿನ ಪ್ಯಾಸ್ಕಲ್ (1623–1662) ತಿಳಿಸಿಕೊಟ್ಟ ನಿಯಮ. ಚಿಕ್ಕ ಕೊಂತದ ವ್ಯಾಸ 1 ಸೆಂಟಿಮೀಟರ್, ದೊಡ್ಡದರ ವ್ಯಾಸ 4 ಸೆಂಟಿಮೀಟರ್ ಎಂದಿಟ್ಟುಕೊಳ್ಳೋಣ. ದೊಡ್ಡದರ ವಿಸ್ತೀರ್ಣ 16 ಪಾಲು ಹೆಚ್ಚು. ಆದುದರಿಂದ ಬಲವೂ 16 ಪಾಲು. ಜಾಕಿಯ ಹಿಡಿ ಸನ್ನೆಯಂತೆ ವರ್ತಿಸಿ ಇನ್ನೂ 10 ಪಾಲು ಸೇರಿಸಿದರೆ ಒಟ್ಟು 160 ಪಾಲು. ಘರ್ಷಣೆಯ ನಷ್ಟವನ್ನು ಬದಿಗಿಟ್ಟರೆ, 5 ಕಿಲೋಗ್ರಾಂ ತೂಕದಷ್ಟು ಒತ್ತಿದವನು 800 ಕಿಲೋಗ್ರಾಂ ಎತ್ತಬಲ್ಲನು. ಆದರೆ ಪ್ರಕೃತಿ ಏನನ್ನೂ ಪುಕ್ಕಟೆಯಾಗಿ ಕೊಡುವುದಿಲ್ಲ: ಕೈ 16 ಸೆಂಟಿಮೀಟರ್ ಚಲಿಸಿದರೆ ಕೊಂತ ಏರುವುದು 1 ಮಿಲಿಮೀಟರ್ ಮಾತ್ರ.

ಕ್ರೇನಿನ ತೋಳೂ ಒಂದು ಸನ್ನೆಯೇ. ನಮ್ಮ ಹೊಲಗಳ ಏತವನ್ನು ಕಂಡವರಿಗೆ ಇದು ಹೊಸದಲ್ಲ. ತೋಳು ಉದ್ದವಾದಷ್ಟೂ ಅದೇ ಭಾರದ ತಿರುಗಿಸುವ ಪರಿಣಾಮ ಹೆಚ್ಚುತ್ತದೆ. ಆದಕಾರಣ ತೋಳು ಗಿಡ್ಡವಾಗಿರುವಾಗ 2 ಟನ್ ಎತ್ತುವ ಕ್ರೇನು, ಅದನ್ನು ಪೂರ್ತಿ ಚಾಚಿದಾಗ ಸಾಮಾನ್ಯವಾಗಿ ಅರ್ಧ ಟನ್ನಿಗೇ ಸೀಮಿತವಾಗುತ್ತದೆ.

ಕೊಕ್ಕೆಯ ನೇರಕ್ಕೆ

ತೂಗುಬಿಟ್ಟ ವಸ್ತುವಿನ ಗುರುತ್ವಕೇಂದ್ರ ಕೊಕ್ಕೆಯ ನೇರ ಕೆಳಕ್ಕೆ ಬಂದು ನಿಲ್ಲುತ್ತದೆ. ಕೊಕ್ಕೆ ತುಸು ಮುಂದಿದ್ದರೆ ಎಂಜಿನ್ನಿನ ಹಿಂಭಾಗ ಕುಸಿಯುತ್ತದೆ; ಹಿಂದಿದ್ದರೆ ಮೂತಿ ಕುಸಿಯುತ್ತದೆ. ಗೇರ್‌ಬಾಕ್ಸನ್ನೂ ಜೊತೆಗೇ ತೆಗೆಯುವಾಗ ಇದೇ ಉಪಕಾರಿ: ಬಾಲವನ್ನು ತಗ್ಗಿಸಿ, ಮೂತಿಯನ್ನು ಎತ್ತಿ, ಓರೆಯಾಗಿ ಹೊರತರುತ್ತಾರೆ. ಎಂಜಿನ್ನನ್ನು ಮಾತ್ರ ತೆಗೆಯುವುದಾದರೆ ಗೇರ್‌ಬಾಕ್ಸಿಗೆ ಕೆಳಗಿನಿಂದ ಆಸರೆ ಕೊಟ್ಟು, ಎಂಜಿನ್ನನ್ನು ನೇರವಾಗಿ ಮುಂದಕ್ಕೆ ಸರಿಸಬೇಕು. ಎಂಜಿನ್ನಿನ ಭಾರ ಗೇರ್‌ಬಾಕ್ಸಿನ ತೆಳುವಾದ ದಂಡದ ಮೇಲೆ ಬಿದ್ದರೆ ದಂಡ ಬಾಗುತ್ತದೆ, ಇಲ್ಲವೆ ಕ್ಲಚ್ಚಿನ ಬಿಲ್ಲೆ ಹಾಳಾಗುತ್ತದೆ.

ಕಾರನ್ನೇ ಎತ್ತುವ ಉಪಾಯ

ಜರ್ಮನಿಯ ಪೋರ್ಷೆ 911 ಕಾರಿನಲ್ಲಿ ಎಲ್ಲವೂ ತಲೆಕೆಳಗು. 1963ರಲ್ಲಿ ಫ್ರಾಂಕ್‌ಫರ್ಟಿನ ಪ್ರದರ್ಶನದಲ್ಲಿ 901 ಎಂಬ ಹೆಸರಿನಿಂದ ಕಾಣಿಸಿಕೊಂಡ ಈ ಕಾರಿನ ಆರು ಸಿಲಿಂಡರುಗಳ ಎಂಜಿನ್ ಹಿಂದಿನ ಅಚ್ಚಿಗಿಂತಲೂ ಹಿಂದಿದೆ. ಹಳೆಯ 911ಗಳ ಎಂಜಿನ್ ಗಾಳಿಯಿಂದ ತಣಿಯುವುದಾದ್ದರಿಂದ ಬಸಿಯಬೇಕಾದ ನೀರೇ ಇಲ್ಲ. ನಳಿಗೆ, ತಂತಿ, ಚಕ್ರದಂಡಗಳನ್ನು ಕಳಚಿದ ಮೇಲೆ ಉಳಿಯುವವು ನಾಲ್ಕು ಮುಖ್ಯ ಬೋಲ್ಟುಗಳು. ಅವನ್ನು ಬಿಚ್ಚಿ, ಎಂಜಿನ್ನನ್ನೂ ಗೇರ್‌ಬಾಕ್ಸನ್ನೂ ಒಟ್ಟಿಗೆ ಜಾಕಿಯ ಮೇಲೆ ಕೆಳಗಿಳಿಸಿ, ಕಾರಿನ ಹಿಂಭಾಗವನ್ನು ಎತ್ತರಿಸಿ, ಅಡಿಯಿಂದ ಎಳೆದುಕೊಳ್ಳುತ್ತಾರೆ.

ಇಲ್ಲಿ ಇನ್ನೊಂದು ಎಚ್ಚರಿಕೆ ಬೇಕು. ಹಿಂಭಾಗದ ಭಾರ ಇಳಿದೊಡನೆ ಕಾರಿನ ಗುರುತ್ವಕೇಂದ್ರ ಮುಂದಕ್ಕೆ ಸರಿಯುತ್ತದೆ. ಅದರಿಂದ ನೆಲಕ್ಕೆ ಎಳೆದ ಲಂಬರೇಖೆ ಆಸರೆಗಳ ನಡುವಣ ಜಾಗದೊಳಗೇ ಬೀಳುತ್ತಿರುವವರೆಗೆ ಕಾರು ಸ್ಥಿರ. ಅದರ ಹೊರಗೆ ಬಿದ್ದರೆ ಮಗುಚುತ್ತದೆ. ಎಂಜಿನ್ ಇದ್ದಾಗ ಭದ್ರವಾಗಿದ್ದ ಆಸರೆ, ಎಂಜಿನ್ ಹೋದ ಮೇಲೂ ಭದ್ರವೆನ್ನುವಂತಿಲ್ಲ. ಆಸರೆಗಳನ್ನು ಎಲ್ಲಿ ನಿಲ್ಲಿಸಬೇಕೆಂಬುದನ್ನು ಮೊದಲೇ ಯೋಚಿಸಬೇಕು.

ಮೀರಬಾರದ ನಿಯಮ

160 ಪಾಲು ಬಲವನ್ನು ಕೊಡುವ ಜಾಕಿಯಲ್ಲಿ ಎಣ್ಣೆಯನ್ನು ತಡೆದಿರುವುದು ರಬ್ಬರಿನ ಒಂದು ಸಣ್ಣ ಬಳೆ. ಅದು ಹರಿದರೆ ಎತ್ತಿದ್ದೆಲ್ಲ ಇಳಿಯುತ್ತದೆ. ಕೆಳಗಿರುವವನಿಗೆ ಸರಿದುಕೊಳ್ಳಲು ವೇಳೆಯಿರುವುದಿಲ್ಲ. ಆದ್ದರಿಂದ ಜಾಕಿ ಇರುವುದು ಎತ್ತುವುದಕ್ಕೆ ಮಾತ್ರ. ಭಾರ ಹೊರಬೇಕಾದುದು ಗಟ್ಟಿನೆಲದ ಮೇಲೆ ನಿಂತ ಉಕ್ಕಿನ ಸ್ಟ್ಯಾಂಡುಗಳು. ಅಡಿಗೆ ಹೋಗುವ ಮುನ್ನ ಕಾರನ್ನು ಬಲವಾಗಿ ಅಲುಗಾಡಿಸಿ ನೋಡಬೇಕು. ಬೀಳುವುದಿದ್ದರೆ ನಾವು ಹೊರಗಿರುವಾಗಲೇ ಬೀಳಲಿ. ತೂಗುತ್ತಿರುವ ಎಂಜಿನ್ನಿನ ಕೆಳಗೆ ಕೈಕಾಲು ಇಡಬಾರದು. ಹೊರಬಂದ ಎಂಜಿನ್ನನ್ನು ಕೂಡಲೇ ತಗ್ಗಿಸಿ, ಕೆಳಮಟ್ಟದಲ್ಲಿಯೇ ನಿಧಾನವಾಗಿ ಸಾಗಿಸಬೇಕು. ಪರೀಕ್ಷೆಯ ಹಾಳೆಯಲ್ಲಿ ಗುರುತ್ವಕೇಂದ್ರವನ್ನು ತಪ್ಪಾಗಿ ಗುರುತಿಸಿದರೆ ಕಳೆದುಹೋಗುವುದು ಎರಡು ಅಂಕ ಮಾತ್ರ. ಗ್ಯಾರೇಜಿನಲ್ಲಿ ಲೆಕ್ಕ ಅಷ್ಟಕ್ಕೆ ಮುಗಿಯುವುದಿಲ್ಲ.