ಗುರೆಳ್ಳಿನ ತವರು ಯಾವುದು?

ಗೋಕಾಕ, ಮೂಡಲಗಿ, ಹುಕ್ಕೇರಿ ಮಂದಿ ಹೇಳ್ರಿ,
ನಿಮ್ಮ ತಾಟಿಗೂ ಇಥಿಯೋಪಿಯಾಕ್ಕೂ ಏನು ನಂಟು?

ಗುರೆಳ್ಳು ಹಿಂಡಿ!
ಬಾಣಲಿಯೊಳಗ ಚಟಚಟ ಸಿಡಿಯೋ ಆ ಕರಿ ಕಾಳಿನ ತವರು ಇಥಿಯೋಪಿಯಾ.
ಅಲ್ಲಿ ಅದು ‘ನೂಗ್’. ಎಣ್ಣಿ ತಗೀತಾರ.

ಅವರ ರೊಟ್ಟಿ, ಇಂಜೆರಾ.
ಟೆಫ್ ಅನ್ನೋ ಸಣ್ಣ ಧಾನ್ಯದ ಹಿಟ್ಟು ಹುದುಗಿಸಿ,
ಒಂದೇ ಮಗ್ಗಲು ಬೇಯಿಸ್ತಾರ.
ತೂತು ತೂತಿನ ಸೆಟ್ ದೋಸೆ ಇದ್ದಂಗ,
ಹುಳಿ ಮಾತ್ರ ಜಾಸ್ತಿ.

ಮ್ಯಾಲೆ ಬ್ಯಾಳಿ, ಸೊಪ್ಪು, ಕಡ್ಲಿ ಹಿಟ್ಟಿನ ಶಿರೊ.
ಅಲ್ಲಿನ ಆರ್ಥೊಡಾಕ್ಸ್ ಕ್ರೈಸ್ತರಿಗೆ ಬುಧವಾರ, ಶುಕ್ರವಾರ ಉಪವಾಸ.
ಮಾಂಸ ಇಲ್ಲ, ಹಾಲೂ ಇಲ್ಲ!
ಆರೋಗ್ಯಕ್ಕ ಆ ದಿನದ ತಾಟೇ ಛಲೋ.

ಟೆಫ್ ಹುಡುಕಾಕ ಹೋಗಬ್ಯಾಡ್ರಿ.
ಜ್ವಾಳದ ರೊಟ್ಟಿ, ಬ್ಯಾಳಿ, ಸೊಪ್ಪಿನ ಪಲ್ಯ, ಒಂದು ಚಮಚ ಗುರೆಳ್ಳು ಹಿಂಡಿ.
ಆ ಕಾಳಿನಾಗ ಶೇಕಡಾ 30ರಷ್ಟು ಎಣ್ಣಿನೇ ಇರ್ತೈತಿ.
ಹಿಂಡಿ ಮ್ಯಾಲೆ ಮತ್ತ ಎಣ್ಣಿ ಸುರಕೋಬ್ಯಾಡ್ರಿ,
ಮೊಸರು ಹಾಕ್ಕೋರಿ!